ಲಾಗ್‌ಔಟ್ ಆದ ಮೇಲೂ ಓಡುತ್ತಲೇ ಇರುವ ಪ್ರೋಗ್ರಾಂಗಳು: ಕೊಲ್ಲುವ ಮುಂಚೆ ಎಲ್ಲಿವೆ ಅಂತ ನೋಡಿ

ಪ್ರಶ್ನೆ: ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ನಮ್ಮಲ್ಲಿ 30 ಮಷೀನ್‌ಗಳಿವೆ. ಎಲ್ಲದರಲ್ಲೂ ಉಬುಂಟು 22.04, ಗ್ನೋಮ್ ಡೆಸ್ಕ್‌ಟಾಪ್. ವಿದ್ಯಾರ್ಥಿಗಳೆಲ್ಲ ‘ಸ್ಟೂಡೆಂಟ್’ ಅನ್ನುವ ಒಂದೇ ಅಕೌಂಟಿನಿಂದ ಲಾಗಿನ್ ಆಗುತ್ತಾರೆ. ಅವರು ಲಾಗ್‌ಔಟ್ ಮಾಡಿ ಹೋದ ಮೇಲೂ ಟರ್ಮಿನಲ್‌ನಲ್ಲಿ ಶುರು ಮಾಡಿದ ಕೆಲವು ಪ್ರೋಗ್ರಾಂಗಳು ಓಡುತ್ತಲೇ ಇರುತ್ತವೆ. ಮುಂದಿನ ಬ್ಯಾಚ್ ಬರುವಷ್ಟರಲ್ಲಿ ಮಷೀನ್ ನಿಧಾನ, ಫ್ಯಾನ್ ಜೋರು. ಸಂಜೆ 5 ಗಂಟೆಗೆ ‘ಸ್ಟೂಡೆಂಟ್’ ಹೆಸರಿನ ಎಲ್ಲವನ್ನೂ ಕಿಲ್ ಮೈನಸ್ 9 (ಬಲವಂತವಾಗಿ ಕೊಲ್ಲುವುದು) ಮಾಡುವ ಒಂದು ಕ್ರಾನ್, ಅಂದರೆ ಹೇಳಿದ ಹೊತ್ತಿಗೆ ತಾನೇ ಓಡುವ ಕೆಲಸ, ಹಾಕಿದೆವು. ಅದರಲ್ಲಿ ಎಂ.ಟೆಕ್ ವಿದ್ಯಾರ್ಥಿನಿಯೊಬ್ಬಳ ರಾತ್ರಿಯಿಡೀ ಓಡಬೇಕಿದ್ದ ಸಿಮ್ಯುಲೇಶನ್ ಕೂಡ ಹೋಯಿತು. ಸರಿಯಾದ ದಾರಿ ಯಾವುದು?

ಉತ್ತರ: ಮೊದಲು ಆ 5 ಗಂಟೆಯ ಕ್ರಾನ್ ಇವತ್ತೇ ತೆಗೆದುಬಿಡಿ. ಅದು ಯಾರ ಕೆಲಸ, ಯಾಕೆ ಉಳಿದಿದೆ ಅಂತ ನೋಡುವುದೇ ಇಲ್ಲ. ಆ ಹುಡುಗಿಯ ಲೆಕ್ಕವೂ ಅದಕ್ಕೆ ಒಂದೇ, ಯಾರೋ ಮರೆತುಹೋದ, ಕೊನೆಯಿಲ್ಲದ ಲೂಪಿಗೆ ಬಿದ್ದ ಪ್ರೋಗ್ರಾಂ ಕೂಡ ಒಂದೇ. ಇನ್ನೊಂದು ತೊಂದರೆ ಇದೆ. ದಿನಾ ಸಂಜೆ ಎಲ್ಲ ಅಳಿಸಿಹೋಗುವುದರಿಂದ ನಿಮಗೆ ಕಾರಣ ಹುಡುಕಲು ಸಾಕ್ಷಿಯೇ ಉಳಿಯುವುದಿಲ್ಲ.

ಮುಂದೆ ಕಮಾಂಡ್‌ಗಳ ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ಓದುವ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ಲಾಗ್‌ಔಟ್ ಒತ್ತಿದಾಗ ಒಳಗೆ ಏನಾಗುತ್ತದೆ ಅನ್ನುವುದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಟರ್ಮಿನಲ್ ಕಿಟಕಿ ಮುಚ್ಚಿದಾಗ ಕರ್ನಲ್ (ಲಿನಕ್ಸಿನ ತಿರುಳು) ಅದರೊಳಗಿನ ಶೆಲ್‌ಗೆ, ಅಂದರೆ ನೀವು ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಂಗೆ, ಸಿಗ್‌ಹಪ್ ಅನ್ನುವ ಸಿಗ್ನಲ್ ಕಳಿಸುತ್ತದೆ. ಮೋಡೆಮ್ ಕಾಲದಲ್ಲಿ ಫೋನ್ ಲೈನ್ ಕಟ್ಟಾಯಿತು ಅಂತ ತಿಳಿಸಲು ಇದ್ದ ಸಿಗ್ನಲ್ ಅದು. ಉಬುಂಟುವಿನ ಮಾಮೂಲಿ ಶೆಲ್ ಆದ ಬ್ಯಾಶ್ ಅದನ್ನು ಪಡೆದು ತನ್ನ ಕೈಕೆಳಗಿನ ಎಲ್ಲ ಜಾಬ್‌ಗಳಿಗೂ ದಾಟಿಸುತ್ತದೆ. ಬೇರೆ ಏನೂ ಹೇಳಿರದಿದ್ದರೆ ಪ್ರೋಗ್ರಾಂ ಅಲ್ಲಿಗೆ ಸಾಯುತ್ತದೆ. ಹಾಗಾಗಿ ಉಳಿದುಕೊಂಡಿದೆ ಅಂದರೆ ಆ ಸಿಗ್ನಲ್ ಅದಕ್ಕೆ ತಲುಪಿಲ್ಲ, ಇಲ್ಲವೇ ತಲುಪಿದರೂ ಅದು ಕಿವಿಗೆ ಹಾಕಿಕೊಂಡಿಲ್ಲ.

ತಲುಪದೇ ಇರುವುದಕ್ಕೆ ತೀರಾ ಸಾಮಾನ್ಯ ಕಾರಣ ಒಂದಿದೆ. ಹುಡುಗರು ಕಮಾಂಡಿನ ಕೊನೆಗೆ ಆಂಪರ್‌ಸ್ಯಾಂಡ್ ಹಾಕಿ ಹಿನ್ನೆಲೆಗೆ ಕಳಿಸುತ್ತಾರೆ, ಆಮೇಲೆ ಎಕ್ಸಿಟ್ ಅಂತ ಟೈಪ್ ಮಾಡಿ ಹೊರಬರುತ್ತಾರೆ. ಹೀಗೆ ತಾನಾಗಿ ಮುಗಿಯುವಾಗ ಬ್ಯಾಶ್ ಹಿನ್ನೆಲೆ ಜಾಬ್‌ಗಳಿಗೆ ಸಿಗ್‌ಹಪ್ ಕಳಿಸುವುದಿಲ್ಲ. ಅದಕ್ಕೆ ಹಪ್‌ಆನ್‌ಎಕ್ಸಿಟ್ ಅನ್ನುವ ಆಯ್ಕೆ ಇದೆ, ನಾವೇ ಬದಲಿಸದಿದ್ದರೆ ಅದು ಆಫ್. ಆನ್ ಮಾಡಿದರೂ ಲಾಗಿನ್ ಶೆಲ್‌ಗೆ ಮಾತ್ರ ಅನ್ವಯ. ಗ್ನೋಮ್ ಟರ್ಮಿನಲ್‌ನ ಟ್ಯಾಬ್ ಸಾಮಾನ್ಯವಾಗಿ ಲಾಗಿನ್ ಶೆಲ್ ಅಲ್ಲ. ಹಾಗಾಗಿ ಆ ಆಯ್ಕೆಯ ಮೇಲೆ ಜಾಸ್ತಿ ನಂಬಿಕೆ ಇಡಬೇಡಿ. ಸೆಟ್‌ಸಿಡ್ ಕಮಾಂಡಿನಿಂದ ಟರ್ಮಿನಲ್ ಬಿಟ್ಟು ಬೇರೆಯಾದದ್ದು, ಟಿಮಕ್ಸ್ ಮತ್ತು ಸ್ಕ್ರೀನ್ (ಕಿಟಕಿ ಮುಚ್ಚಿದರೂ ಉಳಿಯುವ ಟರ್ಮಿನಲ್ ಕೊಡುವ ಪ್ರೋಗ್ರಾಂಗಳು) ಒಳಗಿನವು, ಇವಕ್ಕೂ ಸಿಗ್ನಲ್ ತಲುಪುವುದಿಲ್ಲ. ಕಿವಿಗೆ ಹಾಕಿಕೊಳ್ಳದ ಗುಂಪಿನಲ್ಲಿ ನೋಹಪ್ (ಸಿಗ್‌ಹಪ್ ಬಂದರೂ ಬಿಟ್ಟುಬಿಡು ಅನ್ನುವ ಕಮಾಂಡ್) ಹಾಕಿ ಓಡಿಸಿದ್ದು, ಸಿಗ್ನಲ್ ಹಿಡಿದು ‘ಸೇವ್ ಮಾಡಿ ಮುಗಿಸುತ್ತೇನೆ’ ಅಂತ ಹೋಗಿ ನಡುವೆ ಸಿಕ್ಕಿಕೊಂಡ ಜಾವಾ ಪ್ರೋಗ್ರಾಂಗಳು, ಇವೆಲ್ಲ ಬರುತ್ತವೆ.

ಈಗ ನೋಡುವ ಕೆಲಸ. ಒಂದು ಮಷೀನ್ ಆರಿಸಿಕೊಳ್ಳಿ. ವಿದ್ಯಾರ್ಥಿ ಲಾಗ್‌ಔಟ್ ಮಾಡಿದ ಮೇಲೆ ಒಂದೆರಡು ನಿಮಿಷ ಬಿಡಿ. ತಕ್ಷಣ ನೋಡಿದರೆ ಸಹಜವಾಗಿ ಮುಗಿಯುತ್ತಿರುವುದೂ ಉಳಿದದ್ದರ ಹಾಗೇ ಕಾಣುತ್ತದೆ. ಆಮೇಲೆ ಬೇರೆ ಮಷೀನಿನಿಂದ ನಿಮ್ಮ ಅಡ್ಮಿನ್ ಅಕೌಂಟಿನಲ್ಲಿ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್) ಮಾಡಿ. ‘ಸ್ಟೂಡೆಂಟ್’ ಹೆಸರಿನಲ್ಲಿ ಮಾತ್ರ ಹೋಗಬೇಡಿ. ಹೋದರೆ ನೀವೇ ಹೊಸ ಸೆಷನ್ ತೆರೆದ ಹಾಗಾಗಿ, ನೋಡಬೇಕಿದ್ದ ಸ್ಥಿತಿಯೇ ಬದಲಾಗುತ್ತದೆ.

ಮೊದಲ ಕಮಾಂಡ್ ಲಾಗಿನ್‌ಸಿಟಿಎಲ್ ಲಿಸ್ಟ್-ಸೆಷನ್ಸ್. ಅದರಲ್ಲಿ ‘ಸ್ಟೂಡೆಂಟ್’ ಸೆಷನ್ ಇದ್ದರೆ ಅದರ ನಂಬರ್ ಕೊಟ್ಟು ಲಾಗಿನ್‌ಸಿಟಿಎಲ್ ಸೆಷನ್-ಸ್ಟೇಟಸ್ ಓಡಿಸಿ. ಅಲ್ಲಿ ‘ಸ್ಟೇಟ್’ ಅನ್ನುವ ಸಾಲನ್ನು ಗಮನವಿಟ್ಟು ನೋಡಿ. ಆಕ್ಟಿವ್ ಅಂದರೆ ಲಾಗಿನ್ ಆಗೇ ಇದ್ದಾರೆ, ಪರದೆಯೂ ಆ ಸೆಷನ್ನಿನ ಕೈಯಲ್ಲೇ ಇದೆ. ಆನ್‌ಲೈನ್ ಅಂದರೆ ಲಾಗಿನ್ ಆಗೇ ಇದ್ದಾರೆ, ಪರದೆ ಬೇರೆಯವರ ಕೈಯಲ್ಲಿದೆ. ಕ್ಲೋಸಿಂಗ್ ಅಂದರೆ ಲಾಗ್‌ಔಟ್ ಆಗಿದೆ, ಆದರೆ ಏನೋ ಒಂದು ಪ್ರೊಸೆಸ್ ಬಾಗಿಲು ಹಿಡಿದು ನಿಂತಿದೆ.

ಆಕ್ಟಿವ್ ಅಥವಾ ಆನ್‌ಲೈನ್ ಅಂತ ಬಂದರೆ ನಿಮ್ಮದು ಲಾಗ್‌ಔಟ್ ಸಮಸ್ಯೆಯೇ ಅಲ್ಲ. ಯಾರೋ ಸ್ಕ್ರೀನ್ ಲಾಕ್ ಮಾಡಿ ಎದ್ದುಹೋಗಿದ್ದಾರೆ, ಇಲ್ಲವೇ ಸ್ವಿಚ್ ಯೂಸರ್ ಒತ್ತಿದ್ದಾರೆ, ಇಲ್ಲವೇ ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಅಕ್ಷರದ ಪರದೆಗೆ ಹೋಗಿ ಅಲ್ಲೂ ಲಾಗಿನ್ ಆಗಿ ಮರೆತಿದ್ದಾರೆ. ಕಾಲೇಜು ಲ್ಯಾಬ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಇದಕ್ಕೆ ಯಾವ ಕಿಲ್ ಸೆಟ್ಟಿಂಗೂ ಮದ್ದಲ್ಲ. ಗ್ನೋಮ್‌ನಲ್ಲಿ ಲಾಕ್ ಸ್ಕ್ರೀನ್ ಮತ್ತು ಸ್ವಿಚ್ ಯೂಸರ್ ಎರಡನ್ನೂ ಲಾಕ್‌ಡೌನ್ ಸೆಟ್ಟಿಂಗ್‌ನಿಂದ ಮುಚ್ಚಬಹುದು. ಲ್ಯಾಬ್‌ನಲ್ಲಿ ಸ್ವಿಚ್ ಯೂಸರ್ ಇರಲೇಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ.

ಎರಡನೆಯ ಕಮಾಂಡ್ ಸಿಸ್ಟಮ್‌ಡಿ-ಸಿಜಿಎಲ್‌ಎಸ್. ಸಿಸ್ಟಮ್‌ಡಿ ಅಂದರೆ ಉಬುಂಟುವಿನಲ್ಲಿ ಸೇವೆಗಳನ್ನೂ ಲಾಗಿನ್‌ಗಳನ್ನೂ ನೋಡಿಕೊಳ್ಳುವ ವ್ಯವಸ್ಥೆ. ಈ ಕಮಾಂಡ್ ಪ್ರತಿ ಪ್ರೊಸೆಸ್ ಯಾವ ಸಿಗ್ರೂಪ್‌ನಲ್ಲಿದೆ, ಅಂದರೆ ಕರ್ನಲ್ ಇಟ್ಟಿರುವ ಯಾವ ಗುಂಪಿನಲ್ಲಿದೆ ಅಂತ ಮರದ ಕೊಂಬೆಗಳ ಹಾಗೆ ಬಿಡಿಸಿ ತೋರಿಸುತ್ತದೆ. ಜಾಸ್ತಿ ಜನ ನೋಡದೇ ಬಿಡುವುದು ಇದನ್ನೇ, ಉತ್ತರ ಇರುವುದೂ ಇಲ್ಲೇ. ‘ಸ್ಟೂಡೆಂಟ್’ನ ಸ್ಲೈಸ್ (ಆ ಬಳಕೆದಾರರ ಎಲ್ಲ ಪ್ರೊಸೆಸ್‌ಗಳೂ ಸೇರಿದ ದೊಡ್ಡ ಗುಂಪು) ಕೆಳಗೆ ಎರಡು ಬಗೆಯ ಕೊಂಬೆ ಕಾಣುತ್ತವೆ. ಒಂದು ಸೆಷನ್ ಸ್ಕೋಪ್, ಅಂದರೆ ಆ ಒಂದು ಲಾಗಿನ್‌ಗೆ ಸೇರಿದ್ದು. ಎಸ್‌ಎಸ್‌ಎಚ್‌ನಿಂದ ಅಥವಾ ಅಕ್ಷರದ ಪರದೆಯಿಂದ ಶುರು ಮಾಡಿದ್ದೆಲ್ಲ ಇದರೊಳಗೆ ಇರುತ್ತದೆ. ಇನ್ನೊಂದು ಆ ಬಳಕೆದಾರರ ಯೂಸರ್ ಮ್ಯಾನೇಜರ್, ಅಂದರೆ ಅವರ ಹಿನ್ನೆಲೆ ಸೇವೆಗಳನ್ನು ಶುರು ಮಾಡಿ ನಿಲ್ಲಿಸುವ ಪ್ರೊಸೆಸ್. ಇದು ಒಬ್ಬ ಬಳಕೆದಾರರಿಗೆ ಒಂದೇ, ಎಷ್ಟು ಸಲ ಲಾಗಿನ್ ಆಗಿದ್ದರೂ ಅಷ್ಟೇ.

ಗ್ನೋಮ್ ಟರ್ಮಿನಲ್ ಇರುವುದು ಈ ಎರಡನೆಯ ಕೊಂಬೆಯಲ್ಲಿ. ಕಿಟಕಿ ಎಷ್ಟೇ ತೆರೆದರೂ ಹಿಂದೆ ಗ್ನೋಮ್-ಟರ್ಮಿನಲ್-ಸರ್ವರ್ ಅನ್ನುವ ಒಂದೇ ಪ್ರೊಸೆಸ್ ಇರುತ್ತದೆ. ಅದನ್ನು ಶುರು ಮಾಡುವುದು ಯೂಸರ್ ಮ್ಯಾನೇಜರ್, ನೀವು ಒತ್ತಿದ ಐಕಾನ್ ಅಲ್ಲ. ಒಂದೊಂದು ಟ್ಯಾಬಿಗೂ ವಿಟಿಇ-ಸ್ಪಾನ್ ಅಂತ ಶುರುವಾಗುವ ಉದ್ದ ಹೆಸರಿನ ಸ್ಕೋಪ್ ಹುಟ್ಟುತ್ತದೆ. ಅದರೊಳಗೆ ಬ್ಯಾಶ್, ಬ್ಯಾಶ್ ಕೆಳಗೆ ವಿದ್ಯಾರ್ಥಿಯ ಪ್ರೋಗ್ರಾಂ.

ಇಲ್ಲಿ ನಿಮ್ಮ ಲ್ಯಾಬಿನ ನಿಜವಾದ ತೊಂದರೆ ಬರುತ್ತದೆ. ಬಳಕೆದಾರರ ಕೊನೆಯ ಸೆಷನ್ ಮುಗಿದ ಮೇಲೆ ಯೂಸರ್ ಮ್ಯಾನೇಜರ್ ತಕ್ಷಣ ನಿಲ್ಲುವುದಿಲ್ಲ. ಯೂಸರ್‌ಸ್ಟಾಪ್‌ಡಿಲೇಸೆಕ್ ಅನ್ನುವ ಸೆಟ್ಟಿಂಗ್ ಪ್ರಕಾರ 10 ಸೆಕೆಂಡ್ ಕಾಯುತ್ತದೆ. ಆಮೇಲೆ ತನ್ನ ಕೆಳಗಿರುವುದನ್ನೆಲ್ಲ ನಿಲ್ಲಿಸಿ ತಾನೂ ನಿಲ್ಲುತ್ತದೆ. ನೋಹಪ್ ಹಾಕಿದ್ದರೂ ಅಷ್ಟೇ, ಅದನ್ನು ನೋಡಿ ಬಿಡುವುದಿಲ್ಲ. ಆದರೆ ಆ 10 ಸೆಕೆಂಡಿನೊಳಗೆ ಅದೇ ಹೆಸರಿನಲ್ಲಿ ಇನ್ನೊಬ್ಬರು ಲಾಗಿನ್ ಆದರೆ? ಸಿಸ್ಟಮ್‌ಡಿ ಲೆಕ್ಕದಲ್ಲಿ ಅದೇ ‘ಸ್ಟೂಡೆಂಟ್’ ವಾಪಸ್ ಬಂದ. ಮ್ಯಾನೇಜರ್ ನಿಲ್ಲುವುದೇ ಇಲ್ಲ. ಹಿಂದಿನ ಬ್ಯಾಚಿನಿಂದ ಅದರ ಕೆಳಗೆ ಉಳಿದದ್ದು ಮುಂದಿನ ಬ್ಯಾಚಿನ ಹೆಸರಿಗೆ ಸೇರಿಕೊಂಡು ಓಡುತ್ತದೆ. ಲ್ಯಾಬ್ ಬದಲಾಗುವ ಹೊತ್ತಿನಲ್ಲಿ ಒಬ್ಬ ಏಳುತ್ತಿದ್ದ ಹಾಗೇ ಇನ್ನೊಬ್ಬ ಕುರ್ಚಿಗೆ ಬಂದು ಪಾಸ್‌ವರ್ಡ್ ಹೊಡೆಯುವುದು ದಿನಾ ನಡೆಯುವ ಮಾತು, ಅಲ್ವಾ? ಬೆಳಿಗ್ಗೆಯಿಂದ ಸಂಜೆವರೆಗೆ ಹೀಗೇ ಸರಪಳಿಯಾದರೆ ಮ್ಯಾನೇಜರ್‌ಗೆ ಇಡೀ ದಿನ ನಿಲ್ಲುವ ಅವಕಾಶವೇ ಸಿಗುವುದಿಲ್ಲ.

ಇದೇ ತರಹ, ‘ಸ್ಟೂಡೆಂಟ್’ ಹೆಸರಿನ ಇನ್ನೊಂದು ಸೆಷನ್ ಅದೇ ಮಷೀನಿನಲ್ಲಿ ಜೀವಂತ ಇದ್ದರೂ ಮ್ಯಾನೇಜರ್ ನಿಲ್ಲುವುದಿಲ್ಲ. ಪಕ್ಕದ ಮಷೀನಿನಿಂದ ಯಾರೋ ಎಸ್‌ಎಸ್‌ಎಚ್ ಮಾಡಿ ಬಿಟ್ಟಿದ್ದರೂ ಸಾಕು. ಕ್ಲೋಸಿಂಗ್‌ನಲ್ಲಿ ಸಿಕ್ಕಿಕೊಂಡ ಒಂದು ಸೆಷನ್ ಕೂಡ ಸಾಕು.

ಲಿಂಗರ್ ಆನ್ ಆಗಿದೆಯಾ ಅಂತಲೂ ಒಮ್ಮೆ ನೋಡಿ. ವಾರ್ ಫೋಲ್ಡರಿನೊಳಗೆ ಲಿಬ್, ಅದರೊಳಗೆ ಸಿಸ್ಟಮ್‌ಡಿ, ಅದರೊಳಗೆ ಲಿಂಗರ್ ಅನ್ನುವ ಡೈರೆಕ್ಟರಿ. ಅಲ್ಲಿ ‘ಸ್ಟೂಡೆಂಟ್’ ಹೆಸರಿನ ಖಾಲಿ ಫೈಲ್ ಇದ್ದರೆ ಲಾಗಿನ್ ಇರಲಿ ಬಿಡಲಿ, ಅದರ ಮ್ಯಾನೇಜರ್ ಯಾವಾಗಲೂ ಓಡುತ್ತಲೇ ಇರುತ್ತದೆ. ರೂಟ್ ಇಲ್ಲದೆ ಡಾಕರ್ ಓಡಿಸುವ ಪಾಠ ಮಾಡಿದಾಗ ಯಾರೋ ಆನ್ ಮಾಡಿರುವ ಸಾಧ್ಯತೆ ಇದೆ, ಏಕೆಂದರೆ ಡಾಕರ್‌ನ ಆ ಸೂಚನೆಗಳಲ್ಲೇ ಆ ಹೆಜ್ಜೆ ಇದೆ. ಲಾಗಿನ್‌ಸಿಟಿಎಲ್ ಡಿಸೇಬಲ್-ಲಿಂಗರ್ ಸ್ಟೂಡೆಂಟ್ ಅಂದರೆ ಮುಗಿಯಿತು.

ಮೂರನೆಯದು ನಿಮಗೆ ಗೊತ್ತಿರುವ ಪಿಎಸ್. ಆದರೆ ಸುಮ್ನೆ ಪಿಎಸ್ ಆಕ್ಸ್ ಹೊಡೆಯಬೇಡಿ. ಪಿಐಡಿ (ಪ್ರೊಸೆಸ್ ನಂಬರ್), ಪಿಪಿಐಡಿ (ಪೇರೆಂಟಿನ ನಂಬರ್), ಟಿಟಿವೈ (ಟರ್ಮಿನಲ್), ಸ್ಟ್ಯಾಟ್ (ಸ್ಥಿತಿ), ಇಟೈಮ್ (ಎಷ್ಟು ಹೊತ್ತಿನಿಂದ ಇದೆ) ಮತ್ತು ಕಮಾಂಡ್ ಕಾಲಂಗಳನ್ನು ಹೆಸರು ಹೇಳಿ ಕೇಳಿ. ಒಂದು ಸಾಲು ಹೀಗೆ ಬಂತು ಅಂದುಕೊಳ್ಳಿ: ಟಿಟಿವೈ ಜಾಗದಲ್ಲಿ ಪ್ರಶ್ನೆ ಚಿಹ್ನೆ, ಸ್ಟ್ಯಾಟ್‌ನಲ್ಲಿ ಆರ್, ಇಟೈಮ್ 2-03:14:22, ಕಮಾಂಡ್ ಎ ಡಾಟ್ ಔಟ್ (ಸಿ ಪ್ರೋಗ್ರಾಂ ಕಂಪೈಲ್ ಮಾಡಿದಾಗ ಹುಟ್ಟುವ ಫೈಲ್). ಪ್ರಶ್ನೆ ಚಿಹ್ನೆ ಅಂದರೆ ಅದಕ್ಕೆ ಈಗ ಟರ್ಮಿನಲ್ ಇಲ್ಲ. ಎರಡು ದಿನ ಮೂರು ಗಂಟೆಯಿಂದ ಇದೆ. ಆರ್ ಅಂದರೆ ಸಿಪಿಯು ತಿನ್ನುತ್ತಿದೆ. ಆ ಪಿಐಡಿಯ ಪ್ರಾಕ್ ಫೋಲ್ಡರಿನೊಳಗಿನ ಎಫ್‌ಡಿ ಡೈರೆಕ್ಟರಿ ತೆರೆದು ನೋಡಿ. ಪಿಟಿಎಸ್ (ಟರ್ಮಿನಲ್ ಕಿಟಕಿ) ನಂಬರಿನ ಮುಂದೆ ‘ಡಿಲೀಟೆಡ್’ ಅಂತ ಕಂಡರೆ ಅದು ಯಾವಾಗಲೋ ಮುಚ್ಚಿಹೋದ ಟರ್ಮಿನಲ್ಲನ್ನು ಇನ್ನೂ ಹಿಡಿದುಕೊಂಡಿದೆ.

ವಿದ್ಯಾರ್ಥಿಗಳ ಎ ಡಾಟ್ ಔಟ್ ಯಾಕೆ ಹೀಗೆ ಸಿಪಿಯು ತಿನ್ನುತ್ತದೆ? ಸ್ಟ್ಯಾಕ್, ಕ್ಯೂ, ಲಿಂಕ್ಡ್ ಲಿಸ್ಟ್ ಲ್ಯಾಬಿನ ಮೆನು ಪ್ರೋಗ್ರಾಂ ನೆನಪು ಮಾಡಿಕೊಳ್ಳಿ. ಕೊನೆಯಿಲ್ಲದ ವೈಲ್ ಲೂಪ್, ಒಳಗೆ ಮೆನು ಪ್ರಿಂಟ್, ಆಮೇಲೆ ಕೀಬೋರ್ಡಿನಿಂದ ಓದುವ ಸ್ಕ್ಯಾನ್ಎಫ್. ಸ್ಕ್ಯಾನ್ಎಫ್ ವಾಪಸ್ ಕೊಟ್ಟ ಬೆಲೆಯನ್ನು ಯಾರೂ ನೋಡುವುದಿಲ್ಲ. ಇದನ್ನು ನೋಹಪ್ ಹಾಕಿ ಓಡಿಸಿದರೆ ಕೀಬೋರ್ಡ್ ಕಡೆಯಿಂದ ಓದಲು ಏನೂ ಸಿಗುವುದಿಲ್ಲ, ಸ್ಕ್ಯಾನ್ಎಫ್ ತಕ್ಷಣ ಸೋತು ವಾಪಸ್ ಬರುತ್ತದೆ, ಲೂಪ್ ಮತ್ತೆ ಸುತ್ತುತ್ತದೆ. ಒಂದು ಕೋರ್ ಪೂರ್ತಿ ಅದಕ್ಕೇ. ಅಷ್ಟೇ ಅಲ್ಲ, ಪ್ರಿಂಟ್ ಆಗುವ ಮೆನು ಎಲ್ಲ ನೋಹಪ್ ಡಾಟ್ ಔಟ್ ಫೈಲಿಗೆ ಹೋಗಿ ಬೀಳುತ್ತದೆ. ‘ಎಂಟರ್ ಯುವರ್ ಚಾಯ್ಸ್’ ಅನ್ನುವ ಒಂದೇ ಸಾಲು ಜಿಬಿಗಟ್ಟಲೆ ತುಂಬಿಕೊಂಡು ಡಿಸ್ಕ್ ಭರ್ತಿಯಾಗುತ್ತದೆ. ಹೋಮ್ ಫೋಲ್ಡರಿನಲ್ಲಿ ಆ ಫೈಲಿನ ಅಳತೆ ಒಮ್ಮೆ ನೋಡಿ. ಇದನ್ನು ಸರಿಪಡಿಸಬೇಕಾದದ್ದು ಪಾಠದಲ್ಲಿ. ಸ್ಕ್ಯಾನ್ಎಫ್ ಒಂದನ್ನು ವಾಪಸ್ ಕೊಡದಿದ್ದರೆ ಲೂಪ್ ಬಿಟ್ಟು ಹೊರಬನ್ನಿ ಅಂತ ಮೊದಲ ವಾರವೇ ಹೇಳಿಕೊಟ್ಟರೆ ಪ್ರೋಗ್ರಾಮಿಂಗೂ ಚೆನ್ನಾಗಿ ಬರುತ್ತದೆ, ಮಷೀನೂ ಉಳಿಯುತ್ತದೆ.

ಸ್ಟ್ಯಾಟ್‌ನ ಉಳಿದ ಅಕ್ಷರಗಳು ಬೇಗ ಹೇಳುತ್ತೇನೆ. ಟಿ ಅಂದರೆ ಕಂಟ್ರೋಲ್-ಝಡ್ ಒತ್ತಿ ತಡೆದು ನಿಲ್ಲಿಸಿದ್ದು. ಕಂಟ್ರೋಲ್-ಝಡ್ ಒತ್ತಿದರೆ ಪ್ರೋಗ್ರಾಂ ಮುಗಿಯಿತು ಅಂತ ತುಂಬಾ ಹುಡುಗರು ಅಂದುಕೊಂಡಿರುತ್ತಾರೆ. ಇದಕ್ಕೆ ಬರೀ ಕಿಲ್ ಕೊಟ್ಟರೆ ಏನೂ ಆಗದ ಹಾಗೆ ಕಾಣುತ್ತದೆ, ಏಕೆಂದರೆ ಎದ್ದ ಮೇಲಷ್ಟೇ ಅದು ಸಿಗ್ನಲ್ ನೋಡುವುದು. ಕಿಲ್ ಆದ ಮೇಲೆ ಸಿಗ್‌ಕಾಂಟ್, ಅಂದರೆ ‘ಮತ್ತೆ ಓಡು’ ಅನ್ನುವ ಸಿಗ್ನಲ್ ಕೂಡ ಕಳಿಸಿ. ಝಡ್ ಅಂದರೆ ಝಾಂಬಿ, ಸತ್ತ ಮೇಲೂ ಪಟ್ಟಿಯಲ್ಲಿ ಹೆಸರು ಮಾತ್ರ ಉಳಿದ ಪ್ರೊಸೆಸ್. ಅದು ಮೆಮೊರಿಯನ್ನೂ ಸಿಪಿಯುವನ್ನೂ ತಿನ್ನುವುದಿಲ್ಲ, ಅದನ್ನು ಕೊಲ್ಲಲೂ ಆಗದು. ಅದರ ಪೇರೆಂಟ್ ಹೋದರೆ ತಾನೇ ಹೋಗುತ್ತದೆ. ಡಿ ಅಂದರೆ ಡಿಸ್ಕಿಗೋ ನೆಟ್‌ವರ್ಕ್ ಫೈಲಿಗೋ ಕಾಯುತ್ತಿದೆ. ನಿಮ್ಮ ಹೋಮ್ ಫೋಲ್ಡರ್‌ಗಳು ಎನ್‌ಎಫ್‌ಎಸ್ (ಸರ್ವರಿನಿಂದ ನೆಟ್‌ವರ್ಕ್ ಮೂಲಕ ಬರುವ ಫೋಲ್ಡರ್) ಮೇಲಿದ್ದು, ಒಂದೇ ಹೊತ್ತಿಗೆ ಹಲವು ಮಷೀನ್‌ಗಳಲ್ಲಿ ಡಿ ಕಂಡರೆ ಮಷೀನ್‌ಗಳನ್ನು ಬಿಟ್ಟು ಮೊದಲು ಸರ್ವರ್ ನೋಡಿ.

ಕೊಲ್ಲಲೇಬೇಕಾದಾಗ ಮೊದಲು ಮಾಮೂಲಿ ಕಿಲ್, ಅಂದರೆ ಸಿಗ್‌ಟರ್ಮ್. ಕೆಲವು ಸೆಕೆಂಡ್ ಕಾದು ನೋಡಿ, ಆಗದಿದ್ದರೆ ಮಾತ್ರ ಮೈನಸ್ 9. ಮೈನಸ್ 9 ಬಂದರೆ ಪ್ರೋಗ್ರಾಂಗೆ ಫೈಲ್ ಮುಚ್ಚಲೂ ಲಾಕ್ ತೆಗೆಯಲೂ ಸಮಯ ಸಿಗುವುದಿಲ್ಲ. ಗಿಟ್‌ನ ಇಂಡೆಕ್ಸ್ ಲಾಕ್, ವಿಮ್‌ನ ಸ್ವಾಪ್ ಫೈಲ್ ಹಾಗೇ ಉಳಿದು ಮಾರನೇ ದಿನ ಹೊಸ ಗೊಂದಲ. ಕ್ಲೋಸಿಂಗ್‌ನಲ್ಲಿ ನಿಂತ ಸೆಷನ್ನಿಗೆ ಅದರ ನಂಬರ್ ಕೊಟ್ಟು ಲಾಗಿನ್‌ಸಿಟಿಎಲ್ ಟರ್ಮಿನೇಟ್-ಸೆಷನ್ ಓಡಿಸಿದರೆ ಅದೊಂದೇ ಹೋಗುತ್ತದೆ. ಟರ್ಮಿನೇಟ್-ಯೂಸರ್ ಮಾತ್ರ ಹುಷಾರು. ಆ ಮಷೀನಿನಲ್ಲಿ ‘ಸ್ಟೂಡೆಂಟ್’ ಹೆಸರಿನಲ್ಲಿ ಈಗ ಕೆಲಸ ಮಾಡುತ್ತಿರುವವರೂ ಹೊರಗೆ ಬೀಳುತ್ತಾರೆ.

ಇನ್ನು ಶಾಶ್ವತ ಪರಿಹಾರ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಒಂದೇ ಅಕೌಂಟ್ ಇರುವ ತನಕ ನೀವು ಏನೇ ಸೆಟ್ಟಿಂಗ್ ಹಾಕಿದರೂ ಅರ್ಧ ಪರಿಹಾರವೇ. ಯಾವ ಪ್ರೊಸೆಸ್ ಯಾರದು ಅಂತ ಮಷೀನಿಗೇ ಗೊತ್ತಾಗದಿದ್ದರೆ ನಿಮಗೆ ಹೇಗೆ ಗೊತ್ತಾಗಬೇಕು? ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಸಂಖ್ಯೆ) ನಂಬರನ್ನೇ ಯೂಸರ್ ನೇಮ್ ಮಾಡಿ ಒಬ್ಬೊಬ್ಬರಿಗೂ ಅಕೌಂಟ್ ಕೊಡಿ. ಎಲ್ಲ ಅಕೌಂಟನ್ನೂ ಒಂದೇ ಕಡೆ ಇಡುವ ಎಲ್‌ಡ್ಯಾಪ್ ಸರ್ವರ್ ಇಟ್ಟರೆ ಒಳ್ಳೆಯದು. ಅದು ಸದ್ಯ ಆಗದಿದ್ದರೆ ಬ್ಯಾಚಿಗೆ ಒಂದು ಅಕೌಂಟ್ ಮಾಡಿದರೂ ಈ 10 ಸೆಕೆಂಡಿನ ಸರಪಳಿ ಕಟ್ಟಾಗುತ್ತದೆ. ಎಂ.ಟೆಕ್‌ನವರಿಗಂತೂ ಬೇರೆ ಅಕೌಂಟ್ ಈ ವಾರವೇ ಮಾಡಿಕೊಡಿ.

ಆಮೇಲೆ ಲಾಗಿನ್‌ಡಿ, ಅಂದರೆ ಸಿಸ್ಟಮ್‌ಡಿಯಲ್ಲಿ ಲಾಗಿನ್ ನೋಡಿಕೊಳ್ಳುವ ಭಾಗದ ಸೆಟ್ಟಿಂಗ್. ಇಟಿಸಿಯೊಳಗಿನ ಸಿಸ್ಟಮ್‌ಡಿ ಫೋಲ್ಡರಿನಲ್ಲಿ ಲಾಗಿನ್‌ಡಿ ಡಾಟ್ ಕಾನ್ಫ್ ಡಾಟ್ ಡಿ ಅಂತ ಒಂದು ಡೈರೆಕ್ಟರಿ ಮಾಡಿ, ಅದರೊಳಗೆ ನಿಮ್ಮದೇ ಒಂದು ಕಾನ್ಫ್ ಫೈಲ್ ಇಡಿ. ಮೂಲ ಫೈಲನ್ನು ತಿದ್ದಬೇಡಿ. ಅದರಲ್ಲಿ ಲಾಗಿನ್ ಅನ್ನುವ ವಿಭಾಗದ ಕೆಳಗೆ ಕಿಲ್‌ಯೂಸರ್‌ಪ್ರೊಸೆಸಸ್ ಯೆಸ್ ಮತ್ತು ಯೂಸರ್‌ಸ್ಟಾಪ್‌ಡಿಲೇಸೆಕ್ ಸೊನ್ನೆ ಅಂತ ಕೊಡಿ. ಮೊದಲನೆಯದು ಸೆಷನ್ ಸ್ಕೋಪ್‌ನಲ್ಲಿ ಉಳಿದದ್ದನ್ನು ಲಾಗ್‌ಔಟ್ ಆದಾಗ ತೆಗೆಯುತ್ತದೆ. ಎರಡನೆಯದು ಯೂಸರ್ ಮ್ಯಾನೇಜರ್ ಕಾಯದೆ ನಿಲ್ಲುವ ಹಾಗೆ ಮಾಡುತ್ತದೆ. ಎರಡೂ ಬೇಕು. ಮೊದಲನೆಯದನ್ನು ಮಾತ್ರ ಹಾಕಿ ‘ಕೆಲಸ ಮಾಡುತ್ತಿಲ್ಲ’ ಅನ್ನುವವರು ತುಂಬಾ ಜನ, ಏಕೆಂದರೆ ಅವರ ಪ್ರೊಸೆಸ್ ಇರುವುದು ಇನ್ನೊಂದು ಕೊಂಬೆಯಲ್ಲಿ. ಫೈಲ್ ಇಟ್ಟ ಮೇಲೆ ಮಷೀನ್ ರೀಬೂಟ್ ಮಾಡಿ. ಡೆಸ್ಕ್‌ಟಾಪ್ ತೆರೆದಿರುವಾಗ ಲಾಗಿನ್‌ಡಿಯನ್ನು ರೀಸ್ಟಾರ್ಟ್ ಮಾಡುವುದು ಬೇಡ.

ಈ ಕಿಲ್‌ಯೂಸರ್‌ಪ್ರೊಸೆಸಸ್ ಬಗ್ಗೆ ದೊಡ್ಡ ಜಗಳವೇ ಆಗಿತ್ತು. 2016ರ ಮೇ ತಿಂಗಳಲ್ಲಿ ಬಂದ ಸಿಸ್ಟಮ್‌ಡಿ 230ರಲ್ಲಿ ಇದನ್ನು ಯಾರೂ ಬದಲಿಸದಿದ್ದರೆ ಯೆಸ್ ಇರುವ ಹಾಗೆ ಮಾಡಿದರು. ಟಿಮಕ್ಸ್, ಸ್ಕ್ರೀನ್ ಬಳಸುವವರ ಕೆಲಸ ಲಾಗ್‌ಔಟ್ ಆದ ಕೂಡಲೇ ಸಾಯತೊಡಗಿತು. ಡೆಬಿಯನ್ ಮತ್ತು ಫೆಡೋರಾ ತಮ್ಮ ಪ್ಯಾಕೇಜ್‌ಗಳಲ್ಲಿ ನೋ ಅಂತ ವಾಪಸ್ ತಿರುಗಿಸಿದವು, ಉಬುಂಟುವಿನಲ್ಲೂ ನೋ. ಒಬ್ಬರೇ ಬಳಸುವ ಮಷೀನಿಗೆ ನೋ ಸರಿ. ದಿನಕ್ಕೆ ಹತ್ತಾರು ಜನ ಕೂರುವ ಲ್ಯಾಬ್ ಮಷೀನಿಗೆ ಯೆಸ್ಸೇ ಸರಿ ಅನ್ನುವುದು ನನ್ನ ನಿಲುವು. ಆದರೆ ಹಾಕುವ ಮುಂಚೆ ವಿದ್ಯಾರ್ಥಿಗಳಿಗೆ ಹೇಳಿ, ಗೋಡೆಗೆ ಒಂದು ಚೀಟಿ ಅಂಟಿಸಿ. ಹೇಳದೆ ಹಾಕಿದರೆ ಆ 5 ಗಂಟೆಯ ಕ್ರಾನ್‌ಗೂ ಇದಕ್ಕೂ ಏನು ವ್ಯತ್ಯಾಸ?

ಗ್ನೋಮ್‌ನ ಲಾಗಿನ್ ಪರದೆಯಾದ ಜಿಡಿಎಂ ಲಾಗ್‌ಔಟ್ ಹೊತ್ತಿಗೆ ಓಡಿಸುವ ಪೋಸ್ಟ್‌ಸೆಷನ್ ಸ್ಕ್ರಿಪ್ಟಿನಲ್ಲಿ ಪಿಕಿಲ್ (ಹೆಸರು ನೋಡಿ ಕೊಲ್ಲುವ ಕಮಾಂಡ್) ಹಾಕುವ ಸಲಹೆಯೂ ನಿಮಗೆ ಸಿಗಬಹುದು. ಒಪ್ಪಬೇಡಿ. ಅದು ಆ ಬಳಕೆದಾರರ ಹೆಸರಿನ ಎಲ್ಲವನ್ನೂ ತೆಗೆಯುತ್ತದೆ, ಎಸ್‌ಎಸ್‌ಎಚ್‌ನಲ್ಲಿ ಕೆಲಸ ಮಾಡುತ್ತಿರುವವರನ್ನೂ ಸೇರಿಸಿ.

ರಾತ್ರಿಯಿಡೀ ಓಡಬೇಕಾದ ಲೆಕ್ಕಕ್ಕೆ ಬೇರೆ ದಾರಿ ಮಾಡಿಕೊಡುವುದು ನಿಮ್ಮ ಜವಾಬ್ದಾರಿ. ಆ ಎಂ.ಟೆಕ್ ವಿದ್ಯಾರ್ಥಿನಿಯ ಅಕೌಂಟಿಗೆ ಮಾತ್ರ ನೀವೇ ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್ ಮಾಡಿ. ಆಕೆ ತನ್ನ ಕೆಲಸವನ್ನು ಸಿಸ್ಟಮ್‌ಡಿ-ರನ್ ಕಮಾಂಡಿಗೆ ಯೂಸರ್ ಮತ್ತು ಸ್ಕೋಪ್ ಅನ್ನುವ ಎರಡು ಆಯ್ಕೆ ಕೊಟ್ಟು, ಅದರೊಳಗೆ ಟಿಮಕ್ಸ್ ತೆರೆದು ಶುರು ಮಾಡಲಿ. ಆಗ ಅದು ಸೆಷನ್ ಸ್ಕೋಪ್‌ನಿಂದ ಹೊರಗೆ, ಯೂಸರ್ ಮ್ಯಾನೇಜರ್ ಕೆಳಗೆ ಇರುತ್ತದೆ. ಲಿಂಗರ್ ಇರುವುದರಿಂದ ಮ್ಯಾನೇಜರ್ ನಿಲ್ಲುವುದಿಲ್ಲ. ಲಾಗ್‌ಔಟ್ ಮಾಡಿ ಹಾಸ್ಟೆಲ್‌ಗೆ ಹೋಗಬಹುದು. ಇನ್ನೂ ಒಳ್ಳೆಯದು ಅಂದರೆ ಇಂಥ ಕೆಲಸಕ್ಕೆ ಒಂದು ಮಷೀನನ್ನೇ ಮೀಸಲಿಟ್ಟು ಅಲ್ಲಿ ಕಿಲ್‌ಯೂಸರ್‌ಪ್ರೊಸೆಸಸ್ ನೋ ಅಂತಲೇ ಬಿಡುವುದು. ಆಗ ಸಂಜೆ ಯಾರಾದರೂ ಮೇನ್ ಸ್ವಿಚ್ ಆಫ್ ಮಾಡುವ ಭಯವೂ ಇರುವುದಿಲ್ಲ, ಆ ಒಂದನ್ನು ಯುಪಿಎಸ್ ಮೇಲೆ ಇಡಬಹುದು.

ಎಸ್‌ಎಸ್‌ಎಚ್ ಕಡೆಯದೂ ಒಂದು ಕೆಲಸ ಉಳಿದಿದೆ. ಲ್ಯಾಪ್‌ಟಾಪ್‌ನ ವೈಫೈ ಕಟ್ಟಾದರೆ ಸರ್ವರ್ ಬದಿಗೆ ಅದು ತಿಳಿಯುವುದಿಲ್ಲ. ‘ಇನ್ನೂ ಇದ್ದೀಯಾ’ ಅಂತ ಆ ಕಡೆಯನ್ನು ಕೇಳುವ ಟಿಸಿಪಿ ಕೀಪ್‌ಅಲೈವ್ ಇದೆ ನಿಜ, ಆದರೆ ಲಿನಕ್ಸ್ ಕರ್ನಲ್ 7200 ಸೆಕೆಂಡ್, ಅಂದರೆ 2 ಗಂಟೆ ಸುಮ್ಮನಿದ್ದ ಮೇಲೆ ಮೊದಲ ಸಲ ಕೇಳುತ್ತದೆ. ಅಲ್ಲಿತನಕ ಆ ಸೆಷನ್ ಜೀವಂತ, ಅದರ ಜೊತೆ ಯೂಸರ್ ಮ್ಯಾನೇಜರ್ ಕೂಡ ಜೀವಂತ. ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ ಕ್ಲೈಂಟ್‌ಅಲೈವ್‌ಇಂಟರ್ವಲ್ 60, ಕ್ಲೈಂಟ್‌ಅಲೈವ್‌ಕೌಂಟ್‌ಮ್ಯಾಕ್ಸ್ 3 ಅಂತ ಕೊಡಿ. ಉತ್ತರ ಬಾರದ ಕನೆಕ್ಷನ್ ಸುಮಾರು 3 ನಿಮಿಷಕ್ಕೆ ಮುಚ್ಚುತ್ತದೆ.

ಮೂವತ್ತೂ ಮಷೀನಿಗೆ ಒಂದೇ ದಿನ ಹಾಕಬೇಡಿ. ಎರಡು ಮಷೀನಿಗೆ ಹಾಕಿ. ಒಂದು ಪರೀಕ್ಷೆಯ ಅಕೌಂಟಿನಲ್ಲಿ ಲಾಗಿನ್ ಆಗಿ, ಒಂದು ಟ್ಯಾಬಿನಲ್ಲಿ ನೋಹಪ್ ಹಾಕಿ ಸ್ಲೀಪ್ 9999, ಇನ್ನೊಂದರಲ್ಲಿ ಟಿಮಕ್ಸ್, ಕಂಟ್ರೋಲ್-ಆಲ್ಟ್-ಎಫ್3 ಪರದೆಯಲ್ಲಿ ಮತ್ತೊಂದು ಸ್ಲೀಪ್ ಹಿನ್ನೆಲೆಗೆ ಕಳಿಸಿ. ಎರಡೂ ಕಡೆ ಲಾಗ್‌ಔಟ್ ಮಾಡಿ, ಎರಡು ನಿಮಿಷ ಬಿಟ್ಟು ಅಡ್ಮಿನ್ ಅಕೌಂಟಿನಿಂದ ಸಿಸ್ಟಮ್‌ಡಿ-ಸಿಜಿಎಲ್‌ಎಸ್ ನೋಡಿ. ಆ ಬಳಕೆದಾರರ ಸ್ಲೈಸ್ ಪೂರ್ತಿ ಮಾಯವಾಗಿದ್ದರೆ ಒಂದು ವಾರ ಆ ಎರಡು ಮಷೀನ್‌ಗಳನ್ನು ಗಮನಿಸಿ, ಆಮೇಲೆ ಉಳಿದ 28ಕ್ಕೆ ಹಾಕಿ. ಸ್ಲೈಸ್ ಇನ್ನೂ ಇದ್ದರೆ ಅದರಲ್ಲಿ ಯಾವ ಕೊಂಬೆ ಉಳಿದಿದೆ ಅನ್ನುವುದನ್ನೂ, ಲಾಗಿನ್‌ಸಿಟಿಎಲ್ ತೋರಿಸುವ ಸ್ಟೇಟನ್ನೂ ಬರೆದು ಕಳಿಸಿ. ಮುಂದೆ ಎಲ್ಲಿ ಹುಡುಕಬೇಕು ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ.